ಐದು ವಾಟಿನ ಕೂಗಳತೆ

ದೂರದವರಿಗೆ ಕೇಳಿಸಬೇಕಾದರೆ ಗಟ್ಟಿಯಾಗಿ ಕೂಗಬೇಕು ಎಂಬುದು ಲೋಕಾನುಭವ. ನಮ್ಮ ಹಿರಿಯರು ದೂರವನ್ನು ಹೇಳುವಾಗ ‘ಒಂದು ಕೂಗಳತೆ’ ಎನ್ನುತ್ತಿದ್ದುದೂ ಈ ಅನುಭವದಿಂದಲೇ. ಮಲೆನಾಡಿನಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ತೋಟವೋ ಗುಡ್ಡವೋ ಅಡ್ಡ ಇರುವುದರಿಂದ ಕೂಗಿನ ಬೆಲೆ ನಮಗೆ ಚೆನ್ನಾಗಿ ಗೊತ್ತು. ಆದರೆ ಈ ಲೋಕಾನುಭವವನ್ನು ತಲೆಕೆಳಗು ಮಾಡುವ ಒಂದು ವಿದ್ಯೆ ಉಂಟು. ನಮ್ಮ ಜಗಲಿಯಲ್ಲಿ ಉರಿಯುವ ಸಾಮಾನ್ಯ ಎಲ್.ಇ.ಡಿ. ಬಲ್ಬಿಗೆ ೯ ವಾಟ್ ವಿದ್ಯುತ್ತು ಬೇಕು. ಅದಕ್ಕಿಂತಲೂ ಕಡಮೆ, ಅಂದರೆ ೫ ವಾಟ್ ಶಕ್ತಿಯಿಂದ, ಟವರು, ತಂತಿ, ಉಪಗ್ರಹ ಇವು ಯಾವುವೂ ಇಲ್ಲದೆ, ಕೊಪ್ಪದಲ್ಲಿ ಕುಳಿತವನ ಸಂದೇಶ ಯೂರೋಪನ್ನು ಮುಟ್ಟಬಲ್ಲುದು. ಇದು ಹೇಗೆ ಸಾಧ್ಯ, ನಮ್ಮ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳಿಗೆ ಇದರಿಂದ ಏನು ಪ್ರಯೋಜನ ಎಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಈ ವಿದ್ಯೆಗೆ ಹವ್ಯಾಸಿ ರೇಡಿಯೋ ಎಂದು ಹೆಸರು. ಇದನ್ನು ನಡೆಸುವವರನ್ನು ಲೋಕವೆಲ್ಲ ‘ಹ್ಯಾಮ್’ ಎಂದು ಕರೆಯುತ್ತದೆ. ಬಾನುಲಿ ನಿಲಯದಂತೆ ಇವರು ಹಾಡು, ವಾರ್ತೆಗಳನ್ನು ಪ್ರಸಾರ ಮಾಡುವುದಿಲ್ಲ. ಒಬ್ಬ ಹವ್ಯಾಸಿ ಇನ್ನೊಬ್ಬ ಹವ್ಯಾಸಿಯೊಡನೆ ನೇರವಾಗಿ ಸಂಭಾಷಿಸುತ್ತಾನೆ. ಇದರಲ್ಲಿ ಹಣ ಸಂಪಾದನೆಗೆ ಎಡೆಯಿಲ್ಲ. ನಮ್ಮ ದೇಶದಲ್ಲಿ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದವರು ಮಾತ್ರ ಇಂಥ ಪ್ರೇಷಕ ಯಂತ್ರವನ್ನು ನಡೆಸಬಹುದು. ಪರವಾನಗಿಯೊಡನೆ ಒಂದು ಕರೆಹೆಸರೂ ದೊರೆಯುತ್ತದೆ. ಈ ಹವ್ಯಾಸಿಗಳಲ್ಲೇ ಒಂದು ಪಂಗಡ ತಾನಾಗಿಯೇ ಒಂದು ವ್ರತ ತೊಟ್ಟಿದೆ: ಮಾರ್ಸ್ ಸಂಕೇತವಾದರೆ ೫ ವಾಟ್, ಮಾತಾದರೆ ೧೦ ವಾಟ್; ಅದನ್ನು ಮೀರಬಾರದು. ತಂತಿ ಸಂಕೇತದಲ್ಲಿ ‘ಶಕ್ತಿಯನ್ನು ಕಡಮೆ ಮಾಡಲೆ?’ ಎಂದು ಕೇಳಲು ಬಳಸುವ ‘ಕ್ಯು.ಆರ್.ಪಿ.’ ಎಂಬ ಮೂರಕ್ಷರವೇ ಈ ಪದ್ಧತಿಯ ಹೆಸರಾಗಿ ನಿಂತಿದೆ.

ಸಾಮಾನ್ಯ ಹವ್ಯಾಸಿಯ ಯಂತ್ರ ೧೦೦ ವಾಟಿನದು. ಐದು ವಾಟ್ ಎಂದರೆ ಅದರ ಇಪ್ಪತ್ತರಲ್ಲಿ ಒಂದು ಪಾಲು. ಹಾಗಾದರೆ ಕೇಳುವವನಿಗೂ ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ ಕೇಳಿಸುವುದಲ್ಲವೆ ಎಂದು ಓದುಗರು ಕೇಳಬಹುದು. ಇಲ್ಲಿ ಮನಃಶಾಸ್ತ್ರ ಓದಿದ ಮಿತ್ರರಿಗೆ ವೆಬರ್ ಮತ್ತು ಫೆಕ್ನರ್ ಎಂಬ ಜರ್ಮನ್ ಪಂಡಿತರ ನಿಯಮ ನೆನಪಿಗೆ ಬರಬೇಕು. ಪ್ರಚೋದನೆ ಗುಣಾಕಾರದ ಲೆಕ್ಕದಲ್ಲಿ ಬೆಳೆದರೆ ಸಂವೇದನೆ ಕೂಡುವ ಲೆಕ್ಕದಲ್ಲಿ ಬೆಳೆಯುತ್ತದೆ. ಹತ್ತು ದೀಪಗಳ ನಡುವೆ ಹನ್ನೊಂದನೆಯ ದೀಪ ಎದ್ದು ಕಾಣುವಷ್ಟು ನೂರು ದೀಪಗಳ ನಡುವೆ ನೂರೊಂದನೆಯ ದೀಪ ಕಾಣದು. ನಮ್ಮ ಕಿವಿಯೂ ಹಾಗೆಯೇ. ಆದುದರಿಂದ ರೇಡಿಯೋದವರು ತಮಗೆ ಕೇಳಿಸಿದ ಸಂಕೇತದ ಬಲವನ್ನು ೧ರಿಂದ ೯ರ ವರೆಗಿನ ಮೆಟ್ಟಿಲುಗಳಲ್ಲಿ ಹೇಳುತ್ತಾರೆ. ಒಂದು ಮೆಟ್ಟಿಲು ಇಳಿಯಬೇಕಾದರೆ ಶಕ್ತಿ ನಾಲ್ಕರಲ್ಲಿ ಒಂದು ಪಾಲಾಗಬೇಕು. ೧೦೦ ವಾಟನ್ನು ೨೫ಕ್ಕೆ ಇಳಿಸಿದರೆ ಒಂದು ಮೆಟ್ಟಿಲು. ೨೫ನ್ನು ೬¼ಕ್ಕೆ ಇಳಿಸಿದರೆ ಎರಡು ಮೆಟ್ಟಿಲು. ಐದು ವಾಟಿಗೆ ಅದಕ್ಕಿಂತ ಕೊಂಚ ಕೆಳಗೆ. ಎಂಟನೆಯ ಮೆಟ್ಟಿಲಿನಲ್ಲಿ ಕೇಳಿಸುತ್ತಿದ್ದವನು ಹೆಚ್ಚುಕಡಮೆ ಆರನೆಯ ಮೆಟ್ಟಿಲಿಗೆ ಇಳಿದ, ಅಷ್ಟೆ. ಹತ್ತೊಂಬತ್ತು ಪಾಲು ಶಕ್ತಿಯನ್ನು ಬಿಟ್ಟುಕೊಟ್ಟು ಅವನು ಕಳೆದುಕೊಂಡುದು ಎರಡು ಮೆಟ್ಟಿಲು!

ಇನ್ನು ದೂರದ ಪ್ರಶ್ನೆ. ಭೂಮಿ ಗೋಳಾಕಾರವಾಗಿದೆ, ರೇಡಿಯೋ ತರಂಗ ನೇರವಾಗಿ ಸಾಗುತ್ತದೆ. ಹಾಗಿದ್ದರೆ ಅದು ಆಕಾಶದಲ್ಲಿ ತಪ್ಪಿಸಿಕೊಂಡು ಹೋಗಬೇಕಾಗಿತ್ತು. ಹಾಗಾಗದಂತೆ ತಡೆಯುವುದು ನಮ್ಮ ತಲೆಯ ಮೇಲಿರುವ ಅಯಾನುಗೋಳ. ಸೂರ್ಯನ ಅತಿನೇರಳೆ ಕಿರಣಗಳು ಮೇಲಣ ವಾಯುವಿನ ಕಣಗಳನ್ನು ಒಡೆದು ವಿದ್ಯುತ್ಕಣಗಳನ್ನು ಬೇರ್ಪಡಿಸುವುದರಿಂದ ಈ ಪದರಗಳು ಉಂಟಾಗುತ್ತವೆ. ಸುಮಾರು ೨೦೦ರಿಂದ ೪೦೦ ಕಿಲೋಮೀಟರ್ ಎತ್ತರದ ಪದರವು ಹ್ರಸ್ವತರಂಗಗಳನ್ನು ಬಾಗಿಸಿ ಭೂಮಿಗೆ ಹಿಂದಿರುಗಿಸುತ್ತದೆ. ಭೂಮಿ ಅದನ್ನು ಮತ್ತೆ ಮೇಲಕ್ಕೆ ಕಳಿಸುತ್ತದೆ. ತುಂಗೆಯ ನೀರಿನ ಮೇಲೆ ಚಪ್ಪಟೆಯಾದ ಕಲ್ಲನ್ನು ಓರೆಯಾಗಿ ಬೀಸಿದರೆ ಅದು ಮುಳುಗದೆ ನೆಗೆದು ನೆಗೆದು ಹೋಗುವುದನ್ನು ಎಲ್ಲರೂ ಕಂಡಿದ್ದೇವೆ. ತರಂಗದ ನೆಗೆತವೂ ಅಂಥದೇ. ಒಂದು ನೆಗೆತಕ್ಕೆ ಮೂರು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ ಸಾಗಬಹುದು. ಎರಡು ಮೂರು ನೆಗೆತಗಳಲ್ಲಿ ಯೂರೋಪು ಸಿಕ್ಕುತ್ತದೆ.

ಈ ಗುಟ್ಟನ್ನು ಜಗತ್ತಿಗೆ ತೋರಿಸಿಕೊಟ್ಟವರಲ್ಲಿ ಹವ್ಯಾಸಿಗಳು ಮುಂದಿನ ಸಾಲಿನವರು. ೧೯೧೨ರಲ್ಲಿ ಅಮೆರಿಕದ ಕಾನೂನು ಅವರನ್ನು ೨೦೦ ಮೀಟರಿಗಿಂತ ಕಡಮೆ ಉದ್ದದ ತರಂಗಗಳಿಗೆ ತಳ್ಳಿತು. ದೂರ ಸಂಪರ್ಕಕ್ಕೆ ಉದ್ದನೆಯ ತರಂಗಗಳೇ ಬೇಕು, ಈ ಗಿಡ್ಡ ತರಂಗಗಳಿಂದ ಏನೂ ಆಗದು ಎಂಬುದು ಅಂದಿನ ತಜ್ಞರ ಎಣಿಕೆ. ೧೯೨೩ರ ನವೆಂಬರಿನಲ್ಲಿ ಅಮೆರಿಕದ ಮತ್ತು ಫ್ರಾನ್ಸಿನ ಹವ್ಯಾಸಿಗಳು ಸುಮಾರು ೧೦೦ ಮೀಟರ್ ತರಂಗದಲ್ಲಿ ಅಟ್ಲಾಂಟಿಕ್ ಸಾಗರದಾಚೆಗೆ ಪರಸ್ಪರ ಸಂಭಾಷಿಸಿದರು. ಪ್ರಯೋಜನಕ್ಕೆ ಬಾರದೆಂದು ಬಿಟ್ಟುಕೊಟ್ಟ ಹೊಲದಲ್ಲಿ ಬಂಗಾರದ ಬೆಳೆ ಬಂದಂತಾಯಿತು.

ಆದರೆ ಆಕಾಶದ ಈ ಕನ್ನಡಿ ಯಾವಾಗಲೂ ಒಂದೇ ಸಮನಾಗಿರುವುದಿಲ್ಲ. ಹಗಲು ಒಂದು ಬಗೆ, ಇರುಳು ಒಂದು ಬಗೆ. ಸುಮಾರು ೧೧ ವರ್ಷಕ್ಕೊಮ್ಮೆ ಸೂರ್ಯನ ಕಲೆಗಳು ಹೆಚ್ಚಿದಾಗ ಕನ್ನಡಿ ಹೊಳಪೇರುತ್ತದೆ. ೨೦೨೪ರಲ್ಲಿ ಅಂಥ ಒಂದು ಏರುಕಾಲ ಬಂದಿತ್ತು. ಶಕ್ತಿ ಉಳ್ಳವನು ಹೊತ್ತು ನೋಡದೆ ಕೂಗಬಹುದು. ಐದು ವಾಟಿನವನು ಮಾತ್ರ ಕಾದು, ಕಿವಿಗೊಟ್ಟು, ಯಾವ ದಿಕ್ಕಿನ ಬಾಗಿಲು ಯಾವಾಗ ತೆರೆಯುತ್ತದೆ ಎಂಬುದನ್ನು ಅರಿತು ಕೂಗಬೇಕು. ನಮ್ಮ ಕಡೆಯಿಂದ ೧೪ ಮೆಗಾಹರ್ಟ್ಸ್ ತರಂಗದಲ್ಲಿ ಯೂರೋಪಿಗೆ ಸಂಜೆಯ ಹೊತ್ತು ಅನುಕೂಲ.

ಎರಡನೆಯ ಮುಖ್ಯ ಸಂಗತಿ ಏರಿಯಲ್. ೧೪ ಮೆಗಾಹರ್ಟ್ಸಿಗೆ ತರಂಗದ ಅರ್ಧದಷ್ಟು, ಅಂದರೆ ಸುಮಾರು ೧೦ ಮೀಟರ್ ಉದ್ದದ ತಾಮ್ರದ ತಂತಿ ಸಾಕು. ನಡುವೆ ಕತ್ತರಿಸಿ ಅಲ್ಲಿಂದ ಯಂತ್ರಕ್ಕೆ ಜೋಡಿಸಬೇಕು. ೭ ಮೆಗಾಹರ್ಟ್ಸಿಗೆ ೨೦ ಮೀಟರ್. ಪಟ್ಟಣದವರು ಇದನ್ನು ತೂಗುಹಾಕಲು ಕಬ್ಬಿಣದ ಕಂಬವನ್ನು ಹುಡುಕುತ್ತಾರೆ. ನಮಗೆ ತೋಟದಂಚಿನಲ್ಲಿ ನಲವತ್ತು ಐವತ್ತು ಅಡಿಯ ಅಡಿಕೆ ಮರಗಳೇ ನಿಂತಿವೆ. ಹಗ್ಗ ಕಟ್ಟಿಕೊಡಲು ಕೊನೆ ಕೊಯ್ಯುವ ನುರಿತ ಆಳುಗಳೂ ಇದ್ದಾರೆ. ಒಂದು ಎಚ್ಚರಿಕೆ: ಈಚೆಗೆ ಬಂದಿರುವ ಕಾರ್ಬನ್ ಫೈಬರ್ ದೋಟಿಯಲ್ಲಿ ವಿದ್ಯುತ್ತು ಹರಿಯುತ್ತದೆ. ಆ ದೋಟಿಯನ್ನಾಗಲಿ ಏರಿಯಲ್ ತಂತಿಯನ್ನಾಗಲಿ ಕರೆಂಟಿನ ತಂತಿಯ ಬಳಿ ಒಯ್ಯಲೇಬಾರದು. ಗುಡುಗಿನ ಸೂಚನೆ ಕಂಡೊಡನೆ ಏರಿಯಲನ್ನು ಯಂತ್ರದಿಂದ ಬಿಡಿಸಿಡಬೇಕು.

ನಮ್ಮ ಮೂರು ತಾಲ್ಲೂಕುಗಳೂ ಈ ವಿಷಯದಲ್ಲಿ ಒಂದೊಂದು ಪಾಠದಂತಿವೆ. ಬಹುದೂರಕ್ಕೆ ಹೋಗಬೇಕಾದ ತರಂಗ ದಿಗಂತಕ್ಕೆ ಸಮೀಪವಾಗಿ, ತಗ್ಗಿನ ಓರೆಯಲ್ಲಿ ಹೊರಡಬೇಕು. ನರಸಿಂಹರಾಜಪುರದ ಬಳಿ ಭದ್ರಾ ಜಲಾಶಯದ ಹಿನ್ನೀರು ಹರಡಿರುವಲ್ಲಿ ದಿಗಂತ ತೆರೆದಿದೆ. ಆ ದಡ ಇದಕ್ಕೆ ಒಳ್ಳೆಯ ಜಾಗ. ಕೊಪ್ಪ ತಾಲ್ಲೂಕಿನಲ್ಲಿ ಗುಡ್ಡದ ನೆತ್ತಿಗಳುಂಟು. ಮೇರುತಿ ಪರ್ವತದಂಥ ಎತ್ತರದಿಂದ ತರಂಗಕ್ಕೆ ಅಡ್ಡಿಯಿಲ್ಲ. ಶೃಂಗೇರಿಯದು ಬೇರೆ ಮಾತು. ಸುತ್ತಲೂ ಬೆಟ್ಟ, ನಡುವೆ ತುಂಗೆಯ ಕಣಿವೆ. ತಗ್ಗಿನ ಓರೆಯಲ್ಲಿ ಹೊರಟ ತರಂಗ ಬೆಟ್ಟಕ್ಕೆ ತಗುಲುತ್ತದೆ. ಅಲ್ಲಿ ೭ ಮೆಗಾಹರ್ಟ್ಸಿನ ತಂತಿಯನ್ನು ಹೆಚ್ಚು ಎತ್ತರಕ್ಕೆ ಏರಿಸದೆ ಕಟ್ಟಿದರೆ ತರಂಗ ಬಹುಮಟ್ಟಿಗೆ ನೆತ್ತಿಯ ಮೇಲಕ್ಕೆ ಹೋಗಿ, ಕೊಡೆಯಾಕಾರವಾಗಿ ಸುತ್ತಣ ಮುನ್ನೂರು ನಾನೂರು ಕಿಲೋಮೀಟರಿನೊಳಗೆ ಇಳಿಯುತ್ತದೆ. ಬೆಂಗಳೂರು, ಮೈಸೂರು, ಮಂಗಳೂರು, ಹುಬ್ಬಳ್ಳಿ ಎಲ್ಲವೂ ಆ ಕೊಡೆಯ ಕೆಳಗೆ. ಮೊಬೈಲ್ ಟವರಿನ ಕಿರುತರಂಗಕ್ಕೆ ಗೋಡೆಯಾಗಿ ನಿಲ್ಲುವ ಬೆಟ್ಟ ಈ ತರಂಗಕ್ಕೆ ಲೆಕ್ಕಕ್ಕೇ ಇಲ್ಲ. ಇದಲ್ಲದೆ, ನಗರದಲ್ಲಿ ಚಾರ್ಜರು, ಬಲ್ಬು, ಯಂತ್ರಗಳಿಂದ ಹುಟ್ಟುವ ರೇಡಿಯೋ ಗದ್ದಲ ನಮ್ಮ ಒಂಟಿ ಮನೆಗಳಲ್ಲಿ ಕಡಮೆ. ಮೆಲುದನಿಯನ್ನು ಕೇಳಲು ಮೌನವಾದ ಸ್ಥಳವೇ ಬೇಕಷ್ಟೆ.

ಮೂರನೆಯದು ಭಾಷೆ. ಮಾತು ಅಗಲವಾದ ಹಾದಿಯನ್ನು ಬಯಸುತ್ತದೆ. ಮಾರ್ಸ್ ಸಂಕೇತಕ್ಕೆ ಕಾಲುದಾರಿ ಸಾಕು. ಹಾದಿ ಕಿರಿದಾದಷ್ಟೂ ಅದರೊಳಗೆ ನುಗ್ಗುವ ಗದ್ದಲ ಕಡಮೆ. ನಮ್ಮ ದೇಶದ ಟೆಲಿಗ್ರಾಂ ಸೇವೆ ೨೦೧೩ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ಆದರೆ ಆ ಚುಕ್ಕೆ ಗೆರೆಗಳ ಭಾಷೆ ಹವ್ಯಾಸಿಗಳ ಬೆರಳಲ್ಲಿ ಇಂದಿಗೂ ಬದುಕಿದೆ. ಖಗೋಳ ಸಂಶೋಧನೆಗಾಗಿ ೧೯೯೩ರಲ್ಲಿ ನೊಬೆಲ್ ಬಹುಮಾನವನ್ನು ಹಂಚಿಕೊಂಡ ಜೋಸೆಫ್ ಟೇಲರ್ ಅವರು ಸ್ವತಃ ಹವ್ಯಾಸಿ. ಅವರು ೨೦೦೮ರಲ್ಲಿ ಇನ್ನೊಂದು ಉಪಾಯವನ್ನು ರೂಪಿಸಿದರು. ಕರೆಹೆಸರು, ಸ್ಥಳ, ಶಕ್ತಿ ಇಷ್ಟನ್ನೇ ಸುಮಾರು ಎರಡು ನಿಮಿಷ ನಿಧಾನವಾಗಿ ಕಳಿಸುವುದು. ಕಿವಿಗೆ ಏನೂ ಕೇಳಿಸದಷ್ಟು ಕ್ಷೀಣವಾದ ಆ ಸಂಕೇತವನ್ನು ಕಂಪ್ಯೂಟರು ಗದ್ದಲದೊಳಗಿಂದ ಹೆಕ್ಕುವುದು. ಇದಕ್ಕೆ ಒಂದು ವಾಟಿನ ಐದನೆಯ ಒಂದು ಪಾಲು ಶಕ್ತಿಯನ್ನೇ ಎಷ್ಟೋ ಮಂದಿ ಬಳಸುತ್ತಾರೆ. ಅಷ್ಟರಿಂದಲೇ ಖಂಡಾಂತರ ದಾಟುತ್ತಾರೆ.

ಇದೆಲ್ಲ ವಿಜ್ಞಾನದವರ ಸ್ವತ್ತು, ಕಲಾವಿಭಾಗದ ನಮಗೇಕೆ ಎನ್ನುವವರುಂಟು. ಅವರು ಮೈಸೂರಿನ ಕಡೆ ನೋಡಬೇಕು. ೧೯೩೫ರಲ್ಲಿ ಮಹಾರಾಜಾ ಕಾಲೇಜಿನ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠಲ ವಿಹಾರ’ದಲ್ಲಿ ೩೦ ವಾಟಿನ ಒಂದು ಪ್ರೇಷಕವನ್ನು ಇಟ್ಟು ಪ್ರಸಾರ ಆರಂಭಿಸಿದರು. ಅವರು ಭೌತಶಾಸ್ತ್ರದ ಅಧ್ಯಾಪಕರಲ್ಲ, ಮನಃಶಾಸ್ತ್ರದ ಪ್ರಾಧ್ಯಾಪಕರು. ಆ ಪುಟ್ಟ ನಿಲಯದ ಹೆಸರೇ ‘ಆಕಾಶವಾಣಿ’. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿದ ಕುವೆಂಪು ಅವರೂ ಅಲ್ಲಿಂದ ಕವಿತೆ ಓದಿದವರು. ಮುಂದೆ ಇಡೀ ದೇಶದ ಬಾನುಲಿಯೇ ಆ ಹೆಸರನ್ನು ತನ್ನದಾಗಿಸಿಕೊಂಡಿತು. ಮೂವತ್ತು ವಾಟಿನ ಕೂಗು ಎಷ್ಟು ದೂರ ಹೋಯಿತು ನೋಡಿ! ಅದು ಪ್ರಸಾರ, ಇದು ಸಂಭಾಷಣೆ ಎಂಬ ಭೇದ ಇದ್ದೇ ಇದೆ. ಆದರೆ ಎರಡಕ್ಕೂ ಬೇಕಾದುದು ಒಂದೇ ಬಗೆಯ ಮನಸ್ಸು. ಹಣದ ಚಿಂತೆಗೂ ಪರಿಹಾರ ಉಂಟು. ಹೈದರಾಬಾದಿನ ಹವ್ಯಾಸಿ ಆಶ್ಹರ್ ಫರ್ಹಾನ್ ಅವರು ೨೦೦೩ರಲ್ಲಿ ಪ್ರಕಟಿಸಿದ ‘ಬಿಟ್‌ಎಕ್ಸ್’ ಎಂಬ ಸುಮಾರು ೬ ವಾಟಿನ ಯಂತ್ರದ ನಕ್ಷೆಯನ್ನು ಸಾಮಾನ್ಯ ಬಿಡಿಭಾಗಗಳಿಂದಲೇ ಕಟ್ಟಬಹುದು; ತಂತಿ ಸುತ್ತಲು ನಲ್ಲಿಯ ವಾಷರನ್ನೇ ಬಳಸಿದರು. ಅದನ್ನು ಜಗತ್ತಿನ ನಾನಾ ದೇಶಗಳವರು ಕಟ್ಟಿ ನಡೆಸಿದ್ದಾರೆ.

ಇಷ್ಟು ಹೊತ್ತು ವಿನೋದದ ಮಾತಾಯಿತು. ಇದರಲ್ಲಿ ವಿನೋದಕ್ಕಿಂತ ದೊಡ್ಡದೊಂದು ಇದೆ. ಮಳೆಗಾಲದಲ್ಲಿ ನಮ್ಮ ಊರುಗಳ ಪಾಡು ಎಲ್ಲರಿಗೂ ಗೊತ್ತು. ಮರ ಬಿದ್ದು ಕಂಬ ಮುರಿಯುತ್ತದೆ, ಕರೆಂಟು ಹೋಗುತ್ತದೆ, ಟವರಿನ ಬ್ಯಾಟರಿ ಮುಗಿದ ಮೇಲೆ ಮೊಬೈಲೂ ಮೂಕ. ೨೦೧೯ರ ಆಗಸ್ಟಿನಲ್ಲಿ ನಮ್ಮ ಜಿಲ್ಲೆಯ ಮೂಡಿಗೆರೆ ತಾಲ್ಲೂಕಿನಲ್ಲಿ ಗುಡ್ಡಗಳೇ ಜರಿದುವು. ಅಂಥ ಇರುಳಿನಲ್ಲಿ ಹಳ್ಳದಾಚೆಯ ಒಂಟಿ ಮನೆಯಲ್ಲಿ ಹೆರಿಗೆ ನೋವಿನ ಹೆಂಗಸೋ ಎದೆನೋವಿನ ಮುದುಕನೋ ಇದ್ದರೆ ಕೂಗು ಯಾರಿಗೆ ಮುಟ್ಟಬೇಕು? ಇಲ್ಲಿ ಅಲ್ಪಶಕ್ತಿಯೇ ಬಲವಾಗುತ್ತದೆ. ಯು.ಪಿ.ಎಸ್.ನಲ್ಲಿರುವಂಥ ೧೨ ವೋಲ್ಟಿನ, ೭ ಆಂಪಿಯರ್-ಗಂಟೆಯ ಬ್ಯಾಟರಿಯನ್ನು ತೆಗೆದುಕೊಳ್ಳೋಣ. ೧೦೦ ವಾಟಿನ ಯಂತ್ರ ಕಳಿಸುವಾಗ ಸುಮಾರು ೨೦ ಆಂಪಿಯರ್ ಎಳೆಯುತ್ತದೆ. ಆ ಬ್ಯಾಟರಿ ಅದಕ್ಕೆ ಒಂದು ಗುಟುಕು. ಐದು ವಾಟಿನ ಯಂತ್ರ ಕಳಿಸುವಾಗ ಒಂದೂಕಾಲು ಆಂಪಿಯರ್, ಕೇಳುವಾಗ ಅದರ ಆರನೆಯ ಒಂದು ಪಾಲು. ದಿನಕ್ಕೆ ಮೂರು ಗಂಟೆ ಕೇಳಿ ಅರ್ಧ ಗಂಟೆ ಕಳಿಸಿದರೂ ಅದೇ ಬ್ಯಾಟರಿ ನಾಲ್ಕು ದಿನ ಬಾಳುತ್ತದೆ. ೨೦೦೪ರ ಡಿಸೆಂಬರ್ ೨೬ರಂದು ಸುನಾಮಿ ಅಪ್ಪಳಿಸಿದಾಗ ದೆಹಲಿಯ ಭಾರತಿ ಪ್ರಸಾದ್ ಅವರ ಹವ್ಯಾಸಿ ತಂಡ ಅಂಡಮಾನಿನ ಪೋರ್ಟ್ ಬ್ಲೇರಿನಲ್ಲಿತ್ತು. ಉಳಿದ ಸಂಪರ್ಕ ಕಡಿದುಹೋದಾಗ ಅವರ ಹ್ರಸ್ವತರಂಗ ನಡೆಯಿತು. ದ್ವೀಪದವರ ಕ್ಷೇಮಸಮಾಚಾರ ಹೊರಗಿನ ಬಂಧುಗಳಿಗೆ ಮುಟ್ಟಿತು.

ಹಾಗೆಂದು ಈ ವಿದ್ಯೆಯನ್ನು ಮಾಟಮಂತ್ರವೆಂದು ತಿಳಿಯಬಾರದು. ಐದು ವಾಟಿನವನ ಕರೆಗೆ ಎಷ್ಟೋ ಸಂಜೆ ಉತ್ತರವೇ ಬಾರದು. ಸೂರ್ಯನ ಮೇಲೆ ಕ್ಷೋಭೆಯಾದರೆ ಕನ್ನಡಿ ಮಸುಕಾಗುತ್ತದೆ. ಪಕ್ಕದಲ್ಲಿ ಬಲಶಾಲಿಯೊಬ್ಬ ಕೂಗುತ್ತಿದ್ದರೆ ಕಾಯಬೇಕಾಗುತ್ತದೆ. ಅಲ್ಲದೆ, ವಿಪತ್ತು ಬಂದ ದಿನ ಪುಸ್ತಕ ತೆರೆದು ಕಲಿಯುವ ವಿದ್ಯೆಯೂ ಇದಲ್ಲ. ಯಾವ ಹೊತ್ತಿಗೆ ಯಾವ ತರಂಗ, ಯಾವ ಮರಕ್ಕೆ ಯಾವ ತಂತಿ ಎಂಬುದನ್ನು ಬಿಸಿಲಿನ ದಿನಗಳಲ್ಲೇ ಅಭ್ಯಾಸ ಮಾಡಿರಬೇಕು.

ಮೂರು ತಾಲ್ಲೂಕುಗಳ ಒಂಟಿ ಮನೆಗಳಿಂದ ಬಂದು ಒಂದೇ ಬೆಂಚಿನಲ್ಲಿ ಕುಳಿತು ಓದುವವರು ನಾವು. ಪರವಾನಗಿಯ ಪರೀಕ್ಷೆಗೆ ಪದವಿ ಬೇಕಿಲ್ಲ. ವಿದ್ಯುತ್ತಿನ ಮೊದಲ ಪಾಠಗಳನ್ನೂ ನಿಯಮಗಳನ್ನೂ ಓದುವ ತಾಳ್ಮೆ ಬೇಕು. ನಮ್ಮಲ್ಲಿ ಹತ್ತು ಮಂದಿ ಓದಲು ಮನಸ್ಸು ಮಾಡಿ, ಅಧ್ಯಾಪಕರು ಮುಂದೆ ನಿಂತರೆ, ಕೊಪ್ಪದಲ್ಲಿ ಒಂದು, ಶೃಂಗೇರಿಯಲ್ಲಿ ಒಂದು, ನರಸಿಂಹರಾಜಪುರದಲ್ಲಿ ಒಂದು ಪುಟ್ಟ ನಿಲಯ ಏಳುವುದು ಕಷ್ಟವಲ್ಲ. ಆಗ ಮುಂದಿನ ಯಾವುದೋ ಮಳೆಗಾಲದ ಇರುಳು ಒಂದು ಕೂಗು ಕೇಳಿಬಂದರೆ ಓಗೊಡಲು ಒಬ್ಬರಾದರೂ ಎಚ್ಚರವಾಗಿರುವರು.