ಪಂಪನ್ನೇರಿದ ಹವಳ

ಹವಳವೆಂದೊಡನೆ ನಮಗೆ ನೆನಪಾಗುವುದು ಕೊರಳಿನ ಕೆಂಪು ಮಣಿ. ಆದರೆ ಹವಳವು ಬರಿಯ ಕಲ್ಲಲ್ಲ. ಕಲ್ಲನ್ನು ಕಟ್ಟುವ ಪ್ರಾಣಿ. ಅಮೆರಿಕ, ಜಪಾನ್ ಮೊದಲಾದ ದೇಶಗಳಲ್ಲಿ ಅನೇಕರು ಗಾಜಿನ ತೊಟ್ಟಿಯಲ್ಲಿ ಉಪ್ಪುನೀರು ತುಂಬಿ, ಮೀನಿನೊಡನೆ ಜೀವಂತ ಹವಳವನ್ನೂ ಮನೆಯಲ್ಲಿ ಸಾಕುತ್ತಾರೆ. ನಮ್ಮ ದೇಶದಲ್ಲಿ ಬಂಡೆ ಕಟ್ಟುವ ಹವಳಗಳಿಗೆ 2001ರಿಂದ ವನ್ಯಜೀವಿ ಕಾಯಿದೆಯ ರಕ್ಷಣೆಯಿದೆ. ಅವನ್ನು ಕಡಲಿನಿಂದ ಕೀಳಕೂಡದು.

ಈ ಪ್ರಾಣಿಯು ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಗೂಡನ್ನು ಕಟ್ಟಿಕೊಳ್ಳುತ್ತದೆ. ಬಂಡೆಯಾದರೇನು, ನೀರನ್ನು ಆಡಿಸುವ ಪಂಪಾದರೇನು, ಅದಕ್ಕೆ ಎರಡೂ ಒಂದೇ. ಪಂಪಿನ ಬಾಯಿ ಕಟ್ಟಿಕೊಂಡರೆ ಪ್ರವಾಹ ಕುಗ್ಗುತ್ತದೆ. ಆಹಾರವನ್ನು ತರುವುದೂ ಕಲ್ಮಷವನ್ನು ಒಯ್ಯುವುದೂ ಆ ಪ್ರವಾಹವೇ. ಆದ್ದರಿಂದ ಕೊನೆಗೆ ಸೊರಗುವುದು ಹವಳವೇ.

ಇದಕ್ಕೆ ಉಪಾಯವೇನು? ಮೊದಲು ವಿದ್ಯುತ್ತನ್ನು ನಿಲ್ಲಿಸಿ ಪಂಪನ್ನು ಹೊರತೆಗೆಯಬೇಕು. ಜೀವವಿರುವ ತುಂಡುಗಳನ್ನು ಬಿಡಿಸಿ ಬಂಡೆಗೆ ಅಂಟಿಸಬಹುದು. ಪಂಪನ್ನು ನೀರು ಬೆರೆಸಿದ ವಿನಿಗರಿನಲ್ಲಿ ಕೆಲವು ಗಂಟೆ ನೆನೆಸಿದರೆ, ಉಳಿದ ಸುಣ್ಣವು ಗುಳ್ಳೆಯೆದ್ದು ಕರಗುತ್ತದೆ. ಬಳಿಕ ಚೆನ್ನಾಗಿ ತೊಳೆಯಬೇಕು. ಹಂಡೆಗೆ ಕಟ್ಟಿದ ಸುಣ್ಣವನ್ನು ನೀವು ಹುಣಿಸೆಹಣ್ಣಿನಿಂದ ತಿಕ್ಕಿ ತೆಗೆಯುವುದಿಲ್ಲವೆ? ಇದೂ ಅದೇ ಯುಕ್ತಿ.

ಆದರೆ ಒಂದು ಎಚ್ಚರಿಕೆ. ಹವಳದ ಬಳಗಕ್ಕೇ ಸೇರಿದ, ಅಂಗಿಯ ಗುಂಡಿಯಂತೆ ದುಂಡಗಿರುವ ಕೆಲವು ಮೆತ್ತನೆಯ ಜೀವಿಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಹವಾಯಿಯ ವಿಜ್ಞಾನಿಗಳು 1971ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಇಂಥವುಗಳ ಮೇಲೆ ಕುದಿನೀರು ಸುರಿದು, ಎದ್ದ ಹಬೆಯನ್ನು ಉಸಿರಾಡಿ, ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಸಂಗಗಳುಂಟು. ಆದುದರಿಂದ ಕುದಿಸಬಾರದು, ಒಣಗಿಸಿ ಕೆರೆಯಬಾರದು. ಕೈಗವಸನ್ನೂ ಕನ್ನಡಕವನ್ನೂ ಧರಿಸಿ, ಒದ್ದೆಯಾಗಿರುವಾಗಲೇ ಮೆಲ್ಲಗೆ ಬಿಡಿಸಬೇಕು. ಅಂದವಾದುದೆಲ್ಲ ನಿರಪಾಯವಲ್ಲ.