ಬೇಸಿಗೆಯಲ್ಲಿ ಉಣ್ಣೆಯ ಸಮವಸ್ತ್ರ

1799ರ ಮೇ 4ರ ಮಧ್ಯಾಹ್ನ, ಬಿಸಿಲು ಸುಡುತ್ತಿದ್ದ ವೇಳೆಯಲ್ಲಿ ಬ್ರಿಟಿಷ್ ಪಡೆಯು ಕಾವೇರಿಯನ್ನು ದಾಟಿ ಶ್ರೀರಂಗಪಟ್ಟಣದ ಕೋಟೆಗೆ ಲಗ್ಗೆಯಿಟ್ಟಿತು. ಆ ಕಾಲದ ಬ್ರಿಟಿಷ್ ಸೈನಿಕನ ಗುರುತೇ ಕೆಂಪು ಉಣ್ಣೆಯ ಕೋಟು. ನಮ್ಮ ನಾಡಿನ ಕಡುಬೇಸಿಗೆಯಲ್ಲಿ ಉಣ್ಣೆಯೇಕೆ ಎಂಬ ಪ್ರಶ್ನೆ ಸಹಜವಾದುದು.

ಇಂಗ್ಲೆಂಡಿನಲ್ಲಿ ಕುರಿಗಳು ಹೇರಳ. ಹತ್ತಿಯನ್ನಾದರೋ ಹೊರಗಿನಿಂದ ತರಿಸಬೇಕಿತ್ತು. ಉಣ್ಣೆಯು ಬಣ್ಣವನ್ನು ಚೆನ್ನಾಗಿ ಹಿಡಿಯುತ್ತದೆ, ಬಹುಕಾಲ ಬಾಳುತ್ತದೆ. ಮದ್ದಿನ ಕಿಡಿ ಸಿಡಿದರೆ ಹತ್ತಿಯಂತೆ ಥಟ್ಟನೆ ಹೊತ್ತಿಕೊಳ್ಳುವುದಿಲ್ಲ. ಬಯಲಿನಲ್ಲಿ ಮಲಗುವವನಿಗೆ ರಾತ್ರಿಯ ಚಳಿಯಲ್ಲಿ ಅದೇ ಹೊದಿಕೆ.

ಉಣ್ಣೆಗೆ ಇನ್ನೊಂದು ಗುಣವುಂಟು. ಅದು ತನ್ನ ತೂಕದ ಸುಮಾರು ಮೂರರಲ್ಲಿ ಒಂದು ಪಾಲಿನಷ್ಟು ತೇವವನ್ನು ಹೀರಿಕೊಂಡರೂ ಮೈಗೆ ಒದ್ದೆಯೆನಿಸುವುದಿಲ್ಲ. ಚಳ್ಳಕೆರೆ, ಹಿರಿಯೂರುಗಳ ಬಯಲಿನ ಕುರಿಗಾಹಿಗಳು ಬಿಸಿಲಿನಲ್ಲಿಯೂ ತಲೆಯ ಮೇಲೆ ಕಂಬಳಿ ಹಾಕಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಕಂಬಳಿಯು ಬಿಸಿಲನ್ನು ತಡೆಯುತ್ತದೆ. ಸಡಿಲವಾಗಿರುವುದರಿಂದ ಒಳಗೆ ಗಾಳಿಯಾಡುತ್ತದೆ.

ಸೈನಿಕನಿಗೆ ಆ ಅನುಕೂಲವಿರಲಿಲ್ಲ. ಕೋಟು ಮೈಗೆ ಬಿಗಿ, ಕೊರಳಿಗೆ ಚರ್ಮದ ಗಟ್ಟಿ ಪಟ್ಟಿ, ಎದೆಯ ಮೇಲೆ ಅಡ್ಡಪಟ್ಟಿಗಳು, ಬೆನ್ನಿಗೆ ಹೊರೆ. ದೇಹವನ್ನು ತಂಪಾಗಿಸುವುದು ಬೆವರಲ್ಲ, ಬೆವರು ಆರುವ ಕ್ರಿಯೆ. ಗಾಳಿಯಾಡದೆಡೆ ಬೆವರು ಆರದು. ಶಾಖ ಒಳಗೇ ಉಳಿಯುತ್ತದೆ. ಭಾರತದಲ್ಲಿ ಅನೇಕ ಸೈನಿಕರು ಶತ್ರುವಿನಿಂದಲ್ಲ, ಬಿಸಿಲಿನ ಆಘಾತದಿಂದಲೇ ಮಡಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಹಗುರವಾದ ಖಾಕಿ ಹತ್ತಿಬಟ್ಟೆ ಬಳಕೆಗೆ ಬಂತು. ಮಂಗಳೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯೂ ಖಾಕಿಯನ್ನು ತಯಾರಿಸುತ್ತಿತ್ತು.

ಇದು ಕೇವಲ ಗತಕಾಲದ ಮಾತಲ್ಲ. ನಮ್ಮ ಮೂಡಲಪಾಳ್ಯದಲ್ಲಿಯೇ ಏಪ್ರಿಲ್ ಬಿಸಿಲಿನಲ್ಲಿ ಕಾವಲು ಕಾಯುವವರು, ಟೈ ಬಿಗಿದು ಶಾಲೆಗೆ ಹೋಗುವ ಮಕ್ಕಳು ಪಾಲಿಯೆಸ್ಟರ್ ಸಮವಸ್ತ್ರದಲ್ಲಿರುತ್ತಾರೆ. ಪಾಲಿಯೆಸ್ಟರ್ ಎಳೆಯು ಹೀರುವ ತೇವ ಶೇಕಡಾ 1ಕ್ಕಿಂತಲೂ ಕಡಿಮೆ. ಸಮವಸ್ತ್ರವನ್ನು ಆಯ್ಕೆ ಮಾಡುವವರು ನೋಟದ ಜೊತೆಗೆ ತೊಡುವವರ ದೇಹವನ್ನೂ ಗಮನಿಸಬೇಕು. ತೆಳು ಹತ್ತಿಬಟ್ಟೆ, ಸಡಿಲವಾದ ಹೊಲಿಗೆ, ತೆರೆದ ಕೊರಳು, ಆಗಾಗ ನೀರು, ನಡುನಡುವೆ ನೆರಳು ಇವಿಷ್ಟೂ ಅಗತ್ಯ.

ಬಿಸಿಲಿನಲ್ಲಿದ್ದವರ ಮಾತು ತೊದಲಿದರೆ, ಗೊಂದಲ ಕಾಣಿಸಿದರೆ, ಮೈ ಕಾದು ಪ್ರಜ್ಞೆ ತಪ್ಪಿದರೆ ತಡಮಾಡಬಾರದು. ನೆರಳಿಗೆ ಕರೆತಂದು, ಉಡುಪನ್ನು ಸಡಿಲಿಸಿ, ಮೈಗೆಲ್ಲ ತಣ್ಣೀರು ಹಾಕಿ ಗಾಳಿ ಬೀಸಬೇಕು. ಪ್ರಜ್ಞೆ ಇಲ್ಲದವರಿಗೆ ನೀರು ಕುಡಿಸಬಾರದು. ಕೂಡಲೇ 108ಕ್ಕೆ ಕರೆ ಮಾಡಬೇಕು. ಕಾಯಕಕ್ಕೆ ತೊಡುವ ಉಡುಪು ಕಾಯವನ್ನು ಕಾಯುವಂತಿರಲಿ.