ಕಾಯದಿರಲು ಕಾಸು

ಚಂದಕವಾಡಿ ಸೀಮೆಯಲ್ಲಿ ಅರಿಶಿನ ಹಾಕಿದವರು ಗೆಡ್ಡೆ ಕೀಳಲು ಎಂಟೊಂಬತ್ತು ತಿಂಗಳು ಕಾಯಬೇಕು. ರೇಷ್ಮೆ ಸಾಕುವವರಿಗೆ ಹುಳು ನಾಲ್ಕು ಜ್ವರ ದಾಟಿ, ಹಣ್ಣಾಗಿ, ಚಂದ್ರಿಕೆ ಏರುವವರೆಗೆ ಸುಮಾರು 25 ದಿನ ಸರಿಯಾಗಿ ನಿದ್ದೆಯಿಲ್ಲ. ಇಂಥ ಮನೆಗಳ ಹುಡುಗರ ಫೋನಿನಲ್ಲೂ ಈಗ ಒಂದೊಂದು ಹೊಲವಿದೆ. ಅಲ್ಲಿ ಬೆಳೆ ಗಂಟೆಗಳಲ್ಲಿ ಮಾಗುತ್ತದೆ. ಆ ಗಂಟೆಗಳೂ ಬೇಡವೆಂದರೆ ದುಡ್ಡು ಕೊಟ್ಟು ಅಳಿಸಬಹುದು. ದುಡ್ಡಿಲ್ಲದಿದ್ದರೆ ಅರ್ಧ ನಿಮಿಷದ ಜಾಹೀರಾತು ನೋಡಿದರಾಯಿತು.

ಐಡಲ್ ಗೇಮ್ ಅಂದರೆ ಇದೇ. ಫೋನ್ ಜೇಬಿನಲ್ಲಿದ್ದರೂ ಆಟ ತನ್ನ ಪಾಡಿಗೆ ನಡೆಯುತ್ತದೆ, ಚಿನ್ನ ಕೂಡುತ್ತಲೇ ಇರುತ್ತದೆ. ಪುಕ್ಕಟೆ ಬೇರೆ. ಆದರೂ ಆಡುವವರಿಗೆ ಸಿಟ್ಟು. ನಿನ್ನೆ ಗಣಿ, ಇವತ್ತು ಡೇರಿ, ನಾಳೆ ಹೋಟೆಲು. ಚಿತ್ರ ಬದಲಾಗುತ್ತದೆ, ಒಳಗಿನ ಲೆಕ್ಕ ಬದಲಾಗುವುದಿಲ್ಲ. ‘ಹೆಸ್ರು ಬೇರೆ ಕನಾ, ಆಟ ಅದೇಯಾ’ ಅನ್ನಿಸುವಷ್ಟರಲ್ಲಿ ಒಂದು ವಾರ ಹೋಗಿರುತ್ತದೆ.

ತಮಾಷೆಯೆಂದರೆ ಈ ಜಾತಿಯ ಆಟಗಳು ಹುಟ್ಟಿದ್ದೇ ಗೇಲಿಗಾಗಿ. 2002ರ ‘ಪ್ರೋಗ್ರೆಸ್ ಕ್ವೆಸ್ಟ್’ನಲ್ಲಿ ಆಡುವವನಿಗೆ ಕೆಲಸವೇ ಇರಲಿಲ್ಲ, ವೀರ ತಾನೇ ಕಾದಾಡಿ ತಾನೇ ಗೆಲ್ಲುತ್ತಿದ್ದ. 2009ರಲ್ಲಿ ಝಿಂಗಾ ಕಂಪನಿಯ ‘ಫಾರ್ಮ್‌ವಿಲ್’ ಫೇಸ್‌ಬುಕ್ಕಿಗೆ ಬಂತು. ಸ್ಟ್ರಾಬೆರಿ ನಾಲ್ಕು ಗಂಟೆಗೆ ಮಾಗುತ್ತಿತ್ತು, ಹೊತ್ತಿಗೆ ಸರಿಯಾಗಿ ಕೊಯ್ಯದಿದ್ದರೆ ಬಾಡುತ್ತಿತ್ತು. ಮರುವರ್ಷವೇ ಝಿಂಗಾ ಬೆಂಗಳೂರಿನಲ್ಲಿ ಕಚೇರಿ ತೆರೆಯಿತು. ಅದೇ 2010ರಲ್ಲಿ ಇಯಾನ್ ಬೊಗೊಸ್ಟ್ ಎಂಬ ಪ್ರಾಧ್ಯಾಪಕ ಇಂಥ ಆಟಗಳನ್ನು ಅಣಕಿಸಲು ‘ಕೌ ಕ್ಲಿಕರ್’ ಮಾಡಿದರು. ಆರು ಗಂಟೆಗೊಮ್ಮೆ ಹಸುವನ್ನು ಒತ್ತುವುದು, ಅಷ್ಟೇ ಆಟ. ಬೇಗ ಒತ್ತಬೇಕೆಂದರೆ ದುಡ್ಡು ಕೊಡಬೇಕು. ಜನ ಸಾವಿರಗಟ್ಟಲೆ ಬಂದರು. ಬೇಸತ್ತ ಬೊಗೊಸ್ಟ್ 2011ರಲ್ಲಿ ಹಸುಗಳನ್ನೇ ಮಾಯ ಮಾಡಿದರು. ಕೆಲವರು ಖಾಲಿ ಜಾಗವನ್ನೇ ಒತ್ತುತ್ತ ಉಳಿದರು.

2013ರಲ್ಲಿ ಫ್ರಾನ್ಸಿನ ಜೂಲಿಯನ್ ಥಿಯೆನೊ ಮಾಡಿದ ‘ಕುಕಿ ಕ್ಲಿಕರ್’ ಬಂದ ಮೇಲೆ ಈ ಬಗೆಯ ಆಟಗಳಿಗೆ ಒಂದು ಅಚ್ಚು ಸಿಕ್ಕಿತು. ಅದರ ಲೆಕ್ಕ ಸರಳ, ಆದರೆ ನಿರ್ದಯ. ಒಂದು ಯಂತ್ರ ಕೊಂಡಾಗಲೆಲ್ಲ ಮುಂದಿನದರ ಬೆಲೆ ಶೇ 15ರಷ್ಟು ಏರುತ್ತದೆ. ಬಿಸ್ಕತ್ತೇ ಅಲ್ಲಿ ದುಡ್ಡು. ‘ಕರ್ಸರ್’ ಎಂಬ ಯಂತ್ರದಲ್ಲಿ ಮೊದಲನೆಯದಕ್ಕೆ 15 ಬಿಸ್ಕತ್ತು ಸಾಕು. ನೂರನೆಯದಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಬೇಕು. ಹೀಗೆ ಏರುವ ಬೆಲೆಗೂ ನಿಧಾನವಾಗಿ ಬರುವ ಆದಾಯಕ್ಕೂ ನಡುವಿನ ಕಂದಕವೇ ಕಾಯುವಿಕೆ. ಥಿಯೆನೊ ಅದನ್ನು ನಗೆಯಿಂದ ತುಂಬಿದರು: ಕೂಲಿಗಿಟ್ಟ ಅಜ್ಜಿಯರು ಬಿಸ್ಕತ್ತು ಬೇಯಿಸಿ ಬೇಯಿಸಿ ಕಡೆಗೆ ತಿರುಗಿ ಬೀಳುತ್ತಾರೆ. ನಕಲು ಮಾಡಿದವರು ಗುಣಾಕಾರವನ್ನು ಎತ್ತಿಕೊಂಡು ಅಜ್ಜಿಯರನ್ನು ಬಿಟ್ಟರು. ಕಂದಕದಲ್ಲಿ ಅಂಗಡಿ ಹಾಕಿದರು.

ನಕಲಿಗೆ ತಡೆಯೂ ಕಡಿಮೆ. ಕೃತಿಸ್ವಾಮ್ಯ ಸಿಗುವುದು ಕೋಡಿಗೆ, ಚಿತ್ರಕ್ಕೆ, ಸಂಗೀತಕ್ಕೆ, ಆಟದ ನಿಯಮಕ್ಕಲ್ಲ. ಸಿದ್ಧ ಚೌಕಟ್ಟುಗಳು ಆನ್‌ಲೈನಿನಲ್ಲಿ ಮಾರಾಟಕ್ಕಿವೆ, ಕೊಂಡು ಬಣ್ಣ ಬಳಿದರೆ ಹೊಸ ಆಟ. ‘ಜಾಹೀರಾತು ಬೇಡ’ ಎಂದು ದುಡ್ಡು ಕಟ್ಟಿದವರನ್ನೂ ಇಂಥ ಆಟಗಳು ಬಿಡುವುದಿಲ್ಲ. ನಡುವೆ ನುಗ್ಗುವ ಜಾಹೀರಾತು ನಿಲ್ಲುತ್ತದೆ. ಗಳಿಕೆ ದುಪ್ಪಟ್ಟಾಗಲು ನೋಡಬೇಕಾದದ್ದು ಎಷ್ಟೋ ಆಟಗಳಲ್ಲಿ ಹಾಗೇ ಉಳಿಯುತ್ತದೆ. ನನ್ನ ಮಟ್ಟಿಗೆ ಇದು ನಕಲಿಗಿಂತ ದೊಡ್ಡ ಮೋಸ.

ತಯಾರಕರಲ್ಲೂ ಒಬ್ಬರಿಗೆ ಅಳುಕು ಹುಟ್ಟಿದ್ದುಂಟು. ‘ಕ್ಲಿಕರ್ ಹೀರೋಸ್’ ಮಾಡಿದ ಪ್ಲೇಸಾರಸ್ ಕಂಪನಿ, ಚಟಕ್ಕೆ ಬಿದ್ದವರ ದುಡ್ಡಿನಲ್ಲಿ ಬದುಕುವುದು ಬೇಡವೆಂದು, ಎರಡನೇ ಆಟವನ್ನು ಮೊದಲೇ ಬೆಲೆ ಕಟ್ಟಿ ಮಾರುವುದಾಗಿ 2017ರಲ್ಲಿ ಸಾರಿತು. ಹಿಂಬಾಲಿಸಿದವರು ಕಡಿಮೆ.

ಕಾನೂನಿನಿಂದಲೂ ಹೆಚ್ಚು ನಿರೀಕ್ಷಿಸುವಂತಿಲ್ಲ. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ನಿಷೇಧಿಸಿದ್ದು ಹಣ ಗೆಲ್ಲುವ ಆಸೆಯಿಂದ ಹಣ ಕಟ್ಟುವ ಆಟಗಳನ್ನು. ಇಲ್ಲಿ ಗೆಲ್ಲುವ ಹಣವೇ ಇಲ್ಲವಲ್ಲ, ಬರೀ ಕಟ್ಟುವುದು! ಸದ್ಯಕ್ಕೆ ಮನೆಯವರಿಗೆ ದಕ್ಕುವ ಮಾಹಿತಿ ಪ್ಲೇ ಸ್ಟೋರ್‌ನಲ್ಲೇ ಇದೆ. ಆಟದ ವಿವರದೊಳಗೆ ಹೋದರೆ ಅದರಲ್ಲಿ ಮಾರುವ ಸರಕಿನ ಕನಿಷ್ಠ, ಗರಿಷ್ಠ ಬೆಲೆ ಕಾಣುತ್ತದೆ. ಪುಕ್ಕಟೆ ಆಟದ ಗರಿಷ್ಠ ಬೆಲೆ ಸಾವಿರಗಳಲ್ಲಿದ್ದರೆ, ಫೋನ್ ಹುಡುಗನ ಕೈಗೆ ಹೋಗುವ ಮೊದಲು ಖರೀದಿಗೆ ಪಾಸ್‌ವರ್ಡ್ ಹಾಕಿಡಬಹುದು.